ಒಂದು ಮನೆ, ಎರಡು ದೇಶ: ಒಪ್ಪಿಗೆ ಯಾರದು, ಹೊಣೆ ಯಾರದು?

ಬದಿಯಡ್ಕದ ನಿವೃತ್ತ ಬ್ಯಾಂಕ್ ನೌಕರ

ಕಾಸರಗೋಡಿನ ಕನ್ನಡ ಮನೆಗಳಲ್ಲಿ ಗಲ್ಫಿನ ನಂಟಿರುವ ಮನೆಗಳು ಬಹಳ. ಮಗನೋ ಅಳಿಯನೋ ದುಬಾಯಿ, ಶಾರ್ಜಾ, ಅಬುದಾಬಿಯಲ್ಲಿ ದುಡಿಯುತ್ತಿರುತ್ತಾರೆ. ವಯಸ್ಸಾದ ತಂದೆತಾಯಿ, ಎಷ್ಟೋ ಕಡೆ ಹೆಂಡತಿ ಮಕ್ಕಳೂ ಊರಿನಲ್ಲೇ ಇರುತ್ತಾರೆ. ಹೀಗೆ ಎರಡು ದೇಶಗಳಲ್ಲಿ ಹಂಚಿಹೋದ ಮನೆಯ ಬ್ಯಾಂಕ್ ಖಾತೆ, ಆಧಾರ್, ಮೊಬೈಲ್ ಸಂಖ್ಯೆ, ಕ್ಯಾಮರಾ ಇವುಗಳ ವಿಷಯದಲ್ಲಿ ಒಪ್ಪಿಗೆ ಕೊಡುವವರು ಒಬ್ಬರು, ಅದರ ಪರಿಣಾಮ ಅನುಭವಿಸುವವರು ಇನ್ನೊಬ್ಬರು ಆಗುತ್ತಿದ್ದಾರೆ. ಈ ಕುರಿತು ಇಲ್ಲಿರುವವರೆಲ್ಲ ತಮ್ಮ ಅನುಭವವನ್ನು ಬರೆಯಬೇಕೆಂದು ಕೇಳಿಕೊಳ್ಳುತ್ತೇನೆ.

ನಾನು ಬ್ಯಾಂಕಿನ ಕೌಂಟರಿನಲ್ಲಿ ಕುಳಿತು ಕಂಡದ್ದನ್ನು ಮೊದಲು ಹೇಳುತ್ತೇನೆ. ಮಗ ವಿದೇಶಕ್ಕೆ ಹೊರಡುವಾಗ ಊರಿನ ಸಿಮ್ಮನ್ನು ತೆಗೆದು ಅಮ್ಮನ ಹಳೆಯ ಬಟನ್ ಫೋನಿಗೆ ಹಾಕಿಟ್ಟು ಹೋಗುತ್ತಾನೆ. ಬ್ಯಾಂಕಿನ ಓಟಿಪಿ ಆ ಫೋನಿಗೆ ಬರುತ್ತದೆ. ಅವನು ಅಲ್ಲಿಂದ ಕರೆ ಮಾಡಿ ಕೇಳಿದಾಗ ಅಮ್ಮ ಕನ್ನಡಕ ಹಾಕಿಕೊಂಡು, ಇಂಗ್ಲಿಷಿನ ಸಂದೇಶದಲ್ಲಿ ಅಂಕಿಗಳನ್ನು ಮಾತ್ರ ಹುಡುಕಿ, ಒಂದೊಂದಾಗಿ ಓದಿ ಹೇಳುತ್ತಾರೆ. ಒಬ್ಬ ತಾಯಿ ಹಳದಿ ಕಾಗದದ ತುಂಡಿನಲ್ಲಿ ಎಟಿಎಂ ಪಿನ್ನನ್ನೂ ಬರೆದು ಅದೇ ಫೋನಿನ ಹಿಂದೆ ಸೆಲ್ಲೋಟೇಪಿನಿಂದ ಅಂಟಿಸಿದ್ದನ್ನು ನನಗೆ ತೋರಿಸಿದ್ದರು. ಮಗನೇ ಅಂಟಿಸಿಕೊಟ್ಟದ್ದು ಎಂದು ಹೇಳಿದಾಗ ಅವರ ಮುಖದಲ್ಲಿ ನೆಮ್ಮದಿಯಿತ್ತು.

ಓಟಿಪಿಯನ್ನು ಯಾರಿಗೂ ಹೇಳಬೇಡಿ ಎಂದು ರಿಸರ್ವ್ ಬ್ಯಾಂಕು ಜಾಹೀರಾತು ಕೊಡುತ್ತದೆ, ನಾವು ಬ್ಯಾಂಕಿನವರೂ ಹೇಳುತ್ತ ಬಂದೆವು. ಆದರೆ ನಮ್ಮ ಮನೆಗಳ ವ್ಯವಹಾರ ನಡೆಯುವುದೇ ಓಟಿಪಿಯನ್ನು ಫೋನಿನಲ್ಲಿ ಓದಿ ಹೇಳುವುದರಿಂದ. ತಿಂಗಳಿಗೆ ಹಲವು ಸಲ ಮಗನ ಸ್ವರಕ್ಕೆ ಅಂಕಿ ಓದಿ ಅಭ್ಯಾಸವಾದ ತಾಯಿ, ಒಂದು ದಿನ ಮಗನ ಹೆಸರು ಹೇಳಿ ಗಾಬರಿಯಿಂದ ಮಾತನಾಡುವ ಅಪರಿಚಿತ ಸ್ವರಕ್ಕೂ ಓದಿಬಿಟ್ಟರೆ ತಪ್ಪು ಆ ತಾಯಿಯದೆಂದು ಹೇಗೆ ಹೇಳುವುದು? ಕಾನೂನು ಮಾತ್ರ ಹಾಗೆಯೇ ಹೇಳುತ್ತದೆ. ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆಯ ಪ್ರಕಾರ ಗ್ರಾಹಕರದೂ ಬ್ಯಾಂಕಿನದೂ ತಪ್ಪಿಲ್ಲದೆ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರಿಗೆ ಯಾವ ಹೊಣೆಯೂ ಇಲ್ಲ. ಆದರೆ ಗುಪ್ತ ಅಂಕಿಯನ್ನು ಗ್ರಾಹಕರೇ ಹೇಳಿಕೊಟ್ಟಿದ್ದರೆ, ಬ್ಯಾಂಕಿಗೆ ತಿಳಿಸುವ ತನಕ ಆದ ನಷ್ಟವೆಲ್ಲ ಗ್ರಾಹಕರದೇ.

ಇದಕ್ಕೆ ಕ್ರಮಬದ್ಧ ದಾರಿಗಳಿವೆ. ಅನಿವಾಸಿಯಾದವರು ಊರಿನ ಸಾಮಾನ್ಯ ಉಳಿತಾಯ ಖಾತೆಯನ್ನು, ಅನಿವಾಸಿಗಳ ಊರಿನ ಆದಾಯಕ್ಕೆಂದಿರುವ ಎನ್‌ಆರ್‌ಒ ಖಾತೆಯಾಗಿ ಬದಲಿಸಿಕೊಳ್ಳಲೇಬೇಕು. ಆ ಖಾತೆಯಿಂದ ಊರಿನ ಖರ್ಚುಗಳನ್ನು ನಡೆಸಲು ತಂದೆಗೋ ಹೆಂಡತಿಗೋ ಅಧಿಕಾರಪತ್ರ ಕೊಡಬಹುದು. ಆಗ ಅವರು ತಮ್ಮದೇ ಹೆಸರಿನಲ್ಲಿ, ತಮ್ಮದೇ ಸಹಿಯಿಂದ ವ್ಯವಹರಿಸುತ್ತಾರೆ. ಈ ಅರ್ಜಿಯನ್ನು ಕೇಳಿ ಬರುತ್ತಿದ್ದವರು ಬಹಳ ಕಡಿಮೆ. ಸಿಮ್ಮನ್ನು ಕೊಟ್ಟು ಹೋಗುವುದು ಸುಲಭವಾದ್ದರಿಂದ ಹೆಚ್ಚಿನವರು ಅದನ್ನೇ ಮಾಡುತ್ತಿದ್ದರು.

ಶಾರ್ಜಾದಲ್ಲಿರುವ ಕುಂಬಳೆಯವನು

ಅಣ್ಣ, ತಾವು ಬರೆದ ಮನೆ ನನ್ನದೂ ಆಗಿರಬಹುದು. ಆದರೆ ನಾವು ಸಿಮ್ಮನ್ನು ಅಮ್ಮನ ಕೈಗೆ ಕೊಟ್ಟು ಬರುವುದಕ್ಕೆ ಸುಲಭ ಎನ್ನುವುದೊಂದೇ ಕಾರಣವಲ್ಲ ಎಂದು ವಿನಯದಿಂದ ಹೇಳಬೇಕಾಗಿದೆ. ಊರಿನ ಪ್ರೀಪೇಯ್ಡ್ ಸಂಖ್ಯೆಯನ್ನು 90 ದಿನ ಬಳಸದೆ ಬಿಟ್ಟರೆ ಕಂಪೆನಿ ಅದನ್ನು ನಿಲ್ಲಿಸಬಹುದು. ಸಿಮ್ಮಿನ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸುವ ಸೌಲಭ್ಯವಿದೆ. ಇಲ್ಲಿಗೆ ತಂದು ರೋಮಿಂಗಿನಲ್ಲಿಟ್ಟರೆ ಖರ್ಚು, ಅಲ್ಲೇ ಮೇಜಿನ ಡ್ರಾಯರಿನಲ್ಲಿಟ್ಟರೆ ಸಂಖ್ಯೆಯೇ ಹೋಗುತ್ತದೆ. ಹೀಗಾಗಿ ಯಾರಾದರೂ ಬಳಸುತ್ತಿರಲಿ ಎಂದು ಮನೆಯಲ್ಲಿ ಬಿಟ್ಟು ಬರುತ್ತೇವೆ.

ಹೋದ ಸಂಖ್ಯೆ ಏನಾಗುತ್ತದೆ ಎನ್ನುವುದು ಇನ್ನೂ ಮುಖ್ಯ. ನಿಲ್ಲಿಸಿದ ಸಂಖ್ಯೆಯನ್ನು ಕನಿಷ್ಠ 90 ದಿನಗಳ ಬಳಿಕ ಬೇರೆಯವರಿಗೆ ಕೊಡುತ್ತಾರೆ. 2023ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಮುಂದೆ ಈ ವಿಷಯ ಬಂದಾಗ, ಹಾಗೆ ಮರುಹಂಚಿಕೆ ಮಾಡುವುದನ್ನು ನ್ಯಾಯಾಲಯ ತಡೆಯಲಿಲ್ಲ. ಹಳೆಯ ಸಂಖ್ಯೆಗೆ ಸೇರಿದ ವಾಟ್ಸಾಪ್ ಖಾತೆಯನ್ನು ಅಳಿಸಿ ತಮ್ಮ ಮಾಹಿತಿಯನ್ನು ಕಾಪಾಡಿಕೊಳ್ಳುವುದು ಹಳೆಯ ಚಂದಾದಾರರದೇ ಕೆಲಸ ಎಂಬ ನಿಲುವನ್ನು ತಳೆಯಿತು. ನಮ್ಮ ಕಟ್ಟಡದಲ್ಲಿರುವ ಊರಿನವರೊಬ್ಬರ ಹಳೆಯ ಸಂಖ್ಯೆ ಈಗ ಯಾರದೋ ಕೈಯಲ್ಲಿದೆ. ಗ್ಯಾಸ್ ಬುಕಿಂಗ್, ವಿದ್ಯುತ್ ಬಿಲ್ಲು, ಮಗಳ ಶಾಲೆಯ ಸಂದೇಶ ಎಲ್ಲವೂ ಆ ಅಪರಿಚಿತರಿಗೆ ಹೋಗುತ್ತಿವೆ. ಒಂದು ಸಂಖ್ಯೆಯನ್ನು ಬದಲಿಸಲು ಎಷ್ಟು ಕಚೇರಿಗಳಿಗೆ ಅಲೆಯಬೇಕು ಎನ್ನುವುದು ಬದಲಿಸಲು ಹೊರಟವರಿಗೇ ಗೊತ್ತು. ಹೆಚ್ಚಿನ ಕಡೆ ಬದಲಾವಣೆಯನ್ನು ಒಪ್ಪಲು ಹಳೆಯ ಸಂಖ್ಯೆಗೇ ಓಟಿಪಿ ಕಳುಹಿಸುತ್ತಾರೆ.

ಇಲ್ಲಿನ ವ್ಯವಸ್ಥೆ ಬೇರೆ ರೀತಿಯದು. ಸಿಮ್ ಎಮಿರೇಟ್ಸ್ ಐಡಿ ಎಂಬ ಗುರುತು ಚೀಟಿಗೆ ಬಿಗಿದುಕೊಂಡಿದೆ, ಸರಕಾರಿ ಸೇವೆಗಳಿಗೆ ಯುಎಇ ಪಾಸ್ ಎಂಬ ಒಂದೇ ಆ್ಯಪ್ ಸಾಕಾಗುತ್ತದೆ. 2025ರ ಜುಲೈಯಿಂದ ಇಲ್ಲಿನ ಬ್ಯಾಂಕುಗಳು ಎಸ್ಸೆಮ್ಮೆಸ್ ಓಟಿಪಿಯನ್ನು ಹಂತಹಂತವಾಗಿ ಕೈಬಿಟ್ಟು, ಬ್ಯಾಂಕಿನ ಆ್ಯಪಿನೊಳಗೇ ಒಪ್ಪಿಗೆ ಕೊಡುವ ಕ್ರಮಕ್ಕೆ ಬರತೊಡಗಿದವು. ಓದಿ ಹೇಳುವುದಕ್ಕೆ ಅಂಕಿಯೇ ಇಲ್ಲದಿದ್ದರೆ ಮೋಸದ ಒಂದು ಬಾಗಿಲಾದರೂ ಮುಚ್ಚುತ್ತದೆ. ಆದರೆ ಇಲ್ಲಿ ಗುರುತು ನಿಂತಿರುವುದು ವೀಸಾದ ಮೇಲೆ. ಕೆಲಸ ಬಿಟ್ಟು ವೀಸಾ ರದ್ದಾದರೆ ಐಡಿ ಹೋಗುತ್ತದೆ, ಐಡಿಯ ಹಿಂದೆ ಸಿಮ್ಮೂ ಹೋಗುತ್ತದೆ. ಎರಡು ದೇಶಗಳಲ್ಲಿ ಬದುಕುವವನಿಗೆ ಎರಡೂ ಕಡೆ ಸಂಖ್ಯೆ ತನ್ನದಾಗಿ ಉಳಿಯುವುದು ಕಷ್ಟ.

ಒಂದು ಉಪಯುಕ್ತ ಮಾಹಿತಿ. ವಿದೇಶದ ದುಡಿಮೆಯನ್ನು ಊರಿನ ಬ್ಯಾಂಕಿನಲ್ಲಿಡುವ ನಮ್ಮ ಎನ್‌ಆರ್‌ಇ ಮತ್ತು ಎನ್‌ಆರ್‌ಒ ಖಾತೆಗಳಿಗೆ ವಿದೇಶದ ಸಂಖ್ಯೆಯನ್ನೇ ಜೋಡಿಸಿ ಯುಪಿಐ ಬಳಸಲು 2023ರ ಜನವರಿಯಲ್ಲಿ ರಾಷ್ಟ್ರೀಯ ಪಾವತಿ ನಿಗಮ ಅವಕಾಶ ಮಾಡಿಕೊಟ್ಟಿತು. ಆ ಮೊದಲ ಹತ್ತು ದೇಶಗಳಲ್ಲಿ ಯುಎಇ, ಸೌದಿ ಅರೇಬಿಯ, ಕತಾರ್, ಒಮಾನ್ ಇವೆ. ಹೀಗೆ ಮಾಡಿಕೊಂಡರೆ ಊರಿನ ವಿದ್ಯುತ್ ಬಿಲ್ಲನ್ನು ಇಲ್ಲಿಂದಲೇ ಕಟ್ಟಬಹುದು. ಅಮ್ಮನನ್ನು ಮಧ್ಯಾಹ್ನದ ನಿದ್ದೆಯಿಂದ ಎಬ್ಬಿಸಿ ಅಂಕಿ ಕೇಳಬೇಕಾಗಿಲ್ಲ.

ಉಪ್ಪಳದ ಗೃಹಿಣಿ

ನೀವಿಬ್ಬರೂ ಹಣದ ಬಗ್ಗೆ ಬರೆದಿದ್ದೀರಿ. ನಾನು ಮನೆಯೊಳಗಿನ ಕ್ಯಾಮರಾದ ಬಗ್ಗೆ ಬರೆಯಬೇಕೆಂದಿದ್ದೇನೆ, ಏಕೆಂದರೆ ಒಪ್ಪಿಗೆಯ ಪ್ರಶ್ನೆ ನನಗೆ ದಿನವೂ ಎದುರಾಗುವುದು ಅಲ್ಲಿಯೇ.

ನಮ್ಮ ಮನೆಗೆ ನಾಲ್ಕು ಕ್ಯಾಮರಾ ಹಾಕಿಸಿದ್ದಾರೆ. ಗೇಟಿನಲ್ಲಿ ಒಂದು, ಕಾರು ನಿಲ್ಲಿಸುವಲ್ಲಿ ಒಂದು, ಹಿತ್ತಿಲಿನ ಬಾವಿಯ ಕಡೆಗೆ ಒಂದು, ಚಾವಡಿಯ ಒಳಗೆ ಒಂದು. ಹೊರಗಿನ ಕ್ಯಾಮರಾಗಳ ಬಗ್ಗೆ ನನಗೆ ತಕರಾರಿಲ್ಲ. ಗಂಡಸರಿಲ್ಲದ ಮನೆಯಲ್ಲಿ ರಾತ್ರಿ ನಾಯಿ ಬೊಗಳಿದಾಗ ಗೇಟಿನ ಚಿತ್ರವನ್ನು ಫೋನಿನಲ್ಲಿ ನೋಡಿ ಮಲಗಬಹುದು. ಆದರೆ ಚಾವಡಿಯ ಕ್ಯಾಮರಾ ಮೂಲೆಯಲ್ಲಿ ನೀಲಿ ದೀಪ ಹೊತ್ತಿಸಿಕೊಂಡು ಸದಾ ನನ್ನನ್ನೇ ನೋಡುತ್ತಿರುತ್ತದೆ. ಅತ್ತೆಯವರು ಮಧ್ಯಾಹ್ನ ಸೆಕೆಗೆ ಸೆರಗು ಸಡಿಲಿಸಿ ನೆಲದಲ್ಲಿ ಒರಗುವುದು ಅಲ್ಲೇ, ನನ್ನ ತಂಗಿ ಮಗುವಿಗೆ ಹಾಲೂಡಿಸಲು ಕುಳಿತುಕೊಳ್ಳುವುದೂ ಅಲ್ಲೇ. ಮನೆ ಕೆಲಸಕ್ಕೆ ಬರುವವಳು ಒಂದು ದಿನ ಆ ದೀಪವನ್ನು ತೋರಿಸಿ, "ಅಕ್ಕ, ಇದರಲ್ಲಿ ಮಾತೂ ಕೇಳುತ್ತದಾ?" ಎಂದು ಕೇಳಿದಳು. ಹೌದು, ಕೇಳುತ್ತದೆ. ಅವಳ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ; ನನ್ನದನ್ನೂ ಕೇಳಿರಲಿಲ್ಲ.

ನನ್ನ ಗಂಡನಿಗೆ ಕೆಟ್ಟ ಉದ್ದೇಶವಿಲ್ಲ. ದಿನದ ಕೆಲಸ ಮುಗಿಸಿ ಕೋಣೆಗೆ ಬಂದು, ಮಕ್ಕಳು ಆಡುವುದನ್ನು ನೋಡುವುದು ಅವರಿಗೊಂದು ಸಮಾಧಾನ ಎನ್ನುವುದನ್ನು ನಾನು ಬಲ್ಲೆ. ಆದರೆ ಅವರ ಕೋಣೆಯಲ್ಲಿ ಇನ್ನೂ ಮೂವರಿದ್ದಾರೆ. ಫೋನನ್ನು ಮೇಜಿನ ಮೇಲೆ ನಿಲ್ಲಿಸಿ ಊಟ ಮಾಡುವಾಗ ನಮ್ಮ ಚಾವಡಿ ಅವರಿಗೂ ಕಾಣುತ್ತದೆ. ಕ್ಯಾಮರಾ ಹಾಕಿದ ಹುಡುಗ ಪಾಸ್‌ವರ್ಡನ್ನು ತಾನೇ ಬರೆದು ಕೊಟ್ಟದ್ದು, ಅದನ್ನು ನಾವು ಬದಲಿಸಿರಲಿಲ್ಲ. ನಾನು ಕೇಳುವುದು ಇಷ್ಟೇ: ಮನೆಯೊಳಗೆ ಇರುವವರು ನಾವು, ನೋಡುವವರು ಎರಡು ಸಾವಿರ ಕಿಲೋಮೀಟರಿಗಿಂತ ದೂರದಲ್ಲಿದ್ದಾರೆ. ಇದರಲ್ಲಿ ಕಾನೂನು ನಮಗೆ ಏನಾದರೂ ಹೇಳುತ್ತದೆಯೇ?

ಪೆರ್ಲದ ಅಧ್ಯಾಪಕಿ

ಹೇಳುತ್ತದೆ, ಅಕ್ಕ. ಕಲ್ಕತ್ತಾ ಹೈಕೋರ್ಟಿನ ಮುಂದೆ ಇಂತಹದೇ ಒಂದು ಮೊಕದ್ದಮೆ ಬಂದಿತ್ತು. ಒಂದೇ ಮನೆಯಲ್ಲಿ ವಾಸಿಸುವ ಇಬ್ಬರು ಸಹೋದರರಲ್ಲಿ ಒಬ್ಬರು ಮನೆಯ ವಾಸದ ಭಾಗದೊಳಗೆ ಕ್ಯಾಮರಾ ಹಾಕಿಸಿದ್ದರು. ಜೊತೆಗೆ ವಾಸಿಸುವವರ ಒಪ್ಪಿಗೆಯಿಲ್ಲದೆ ಹಾಗೆ ಮಾಡುವುದು ಖಾಸಗಿತನದ ಹಕ್ಕಿನ ಉಲ್ಲಂಘನೆ ಎಂದು 2025ರ ಫೆಬ್ರವರಿಯಲ್ಲಿ ಹೈಕೋರ್ಟು ಹೇಳಿತು. ಅದೇ ವರ್ಷದ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಆ ತೀರ್ಪಿನಲ್ಲಿ ಕೈಹಾಕಲು ನಿರಾಕರಿಸಿತು. ಇದರ ತಳಹದಿ 2017ರ ಆಗಸ್ಟ್ 24ರ ಒಂಬತ್ತು ನ್ಯಾಯಮೂರ್ತಿಗಳ ತೀರ್ಪು. ಖಾಸಗಿತನ ಮೂಲಭೂತ ಹಕ್ಕು ಎಂದು ಸಾರಿದ ಆ ಮೊಕದ್ದಮೆಯನ್ನು ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು. ನಾನು ಮಕ್ಕಳಿಗೆ ಪೌರನೀತಿ ಪಾಠ ಮಾಡುವಾಗ ಈ ಹೆಸರನ್ನು ಹೇಳದೆ ಮುಂದೆ ಹೋಗುವುದಿಲ್ಲ.

ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಇಲ್ಲಿ ನೆರವಿಗೆ ಬರುವುದಿಲ್ಲ ಎನ್ನುವುದನ್ನೂ ತಿಳಿದಿರಬೇಕು. ಒಬ್ಬ ವ್ಯಕ್ತಿ ತನ್ನ ಸ್ವಂತ ಅಥವಾ ಮನೆಯ ಉಪಯೋಗಕ್ಕೆ ಮಾಹಿತಿ ಇಟ್ಟುಕೊಂಡರೆ ಆ ಕಾಯಿದೆ ಅನ್ವಯಿಸದು ಎಂದು ಅದರ ಮೂರನೆಯ ಸೆಕ್ಷನಿನಲ್ಲೇ ಇದೆ. ನಿಮ್ಮವರು ಇರುವ ದೇಶದಲ್ಲಿ ಇನ್ನೊಬ್ಬರ ಖಾಸಗಿತನಕ್ಕೆ ಧಕ್ಕೆಯಾಗುವಂತೆ ಅವರ ಒಪ್ಪಿಗೆಯಿಲ್ಲದೆ ಚಿತ್ರ ತೆಗೆದರೆ, 2021ರ ಸೈಬರ್ ಅಪರಾಧ ಕಾಯಿದೆಯಂತೆ ಕನಿಷ್ಠ ಆರು ತಿಂಗಳ ಸೆರೆ, ಒಂದೂವರೆ ಲಕ್ಷದಿಂದ ಐದು ಲಕ್ಷ ದಿರ್ಹಮಿನವರೆಗೆ ದಂಡ ವಿಧಿಸಬಹುದು. ಅಲ್ಲಿ ರಸ್ತೆಯಲ್ಲಿ ಫೋನ್ ಎತ್ತುವ ಮುನ್ನ ನಾಲ್ಕು ಸಲ ಯೋಚಿಸುವವರು, ಊರಿನ ಸ್ವಂತ ಚಾವಡಿಯ ವಿಷಯದಲ್ಲೂ ಮನೆಯವರೊಡನೆ ಒಂದು ಸಲ ಕುಳಿತು ಮಾತನಾಡಬೇಕಲ್ಲವೇ?

ದುಬಾಯಿಯಲ್ಲಿರುವ ಮೀಯಪದವಿನವನು

ಅಧ್ಯಾಪಕಿಯವರ ಮಾತನ್ನು ನಾನು ಪೂರ್ತಿ ಒಪ್ಪಲಾರೆ. ನನ್ನ ತಂದೆಗೆ ಎಂಬತ್ತು ದಾಟಿದೆ, ಮನೆಯಲ್ಲಿ ಅವರೊಬ್ಬರೇ. ಒಮ್ಮೆ ಸ್ನಾನದ ಕೋಣೆಯಿಂದ ಹೊರಬರುವಾಗ ಜಗಲಿಯಲ್ಲಿ ಜಾರಿ ಬಿದ್ದಿದ್ದರು. ಕ್ಯಾಮರಾದಲ್ಲಿ ನೋಡಿ ನಾನು ನೆರೆಮನೆಯವರಿಗೆ ಫೋನ್ ಮಾಡಿದ್ದರಿಂದ ಅವರು ಸಮಯಕ್ಕೆ ಆಸ್ಪತ್ರೆ ಸೇರಿದರು. ಖಾಸಗಿತನದ ಹೆಸರಿನಲ್ಲಿ ಆ ಕ್ಯಾಮರಾವನ್ನು ತೆಗೆಯಬೇಕೆಂದು ಯಾರಾದರೂ ಹೇಳಿದರೆ ನಾನು ಕೇಳುವುದಿಲ್ಲ. ಊರಿನಲ್ಲಿ ಇರುವವರಿಗೆ ದೂರದಲ್ಲಿರುವವರ ಕಳವಳ ಅರ್ಥವಾಗುವುದಿಲ್ಲ.

ಉಪ್ಪಳದ ಗೃಹಿಣಿ

ಅಣ್ಣ, ನಿಮ್ಮ ತಂದೆಯವರು ಗುಣವಾಗಿದ್ದಾರೆಂದು ತಿಳಿದು ಸಂತೋಷವಾಯಿತು. ಆದರೆ ನಿಮ್ಮ ತಂದೆಯವರಿಗೆ ಕ್ಯಾಮರಾ ಇದೆಯೆಂದು ಗೊತ್ತು, ಅದು ತಮ್ಮ ಒಳಿತಿಗೆಂದು ಅವರು ಒಪ್ಪಿದ್ದಾರೆ. ನಾನು ಕೇಳುತ್ತಿರುವುದೂ ಅದನ್ನೇ. ಕ್ಯಾಮರಾ ಬೇಡವೆಂದು ನಾನು ಬರೆಯಲಿಲ್ಲ; ಎಲ್ಲಿ ಇರಬೇಕು, ಯಾವಾಗ ಆರಿಸಬಹುದು, ಯಾರು ನೋಡಬಹುದು ಎನ್ನುವುದನ್ನು ಮನೆಯೊಳಗೆ ಇರುವವರೂ ಸೇರಿ ನಿಶ್ಚಯಿಸಬೇಕು ಎಂದೆ. ನಮ್ಮ ಮನೆಯಲ್ಲಿ ಈಗ ಚಾವಡಿಯ ಕ್ಯಾಮರಾದ ಸ್ವಿಚ್ಚು ನನ್ನ ಕೈಗೆಟಕುವಲ್ಲಿದೆ. ಇದಕ್ಕಾಗಿ ಜಗಳವಾಗಲಿಲ್ಲ, ಆದರೆ ಮಾತು ತೆಗೆಯಲು ನನಗೆ ಬಹಳ ಧೈರ್ಯ ಬೇಕಾಯಿತು. ಮನೆ ಕೆಲಸದವಳಿಗೂ ಸ್ವಿಚ್ಚನ್ನು ತೋರಿಸಿಕೊಟ್ಟಿದ್ದೇನೆ.

ದುಬಾಯಿಯಲ್ಲಿರುವ ಮೀಯಪದವಿನವನು

ಹಾಗಾದರೆ ನಮ್ಮಲ್ಲಿ ಭಿನ್ನಾಭಿಪ್ರಾಯ ಕಡಿಮೆ. ಧ್ವನಿಯನ್ನು ನಾನೂ ನಿಲ್ಲಿಸುತ್ತೇನೆ. ಜಾರಿ ಬಿದ್ದರೆ ಕಾಣುವುದಕ್ಕೆ ಚಿತ್ರವೊಂದೇ ಸಾಕು, ತಂದೆಯವರು ಯಾರೊಡನೆ ಏನು ಮಾತನಾಡಿದರು ಎನ್ನುವುದು ನನಗೆ ಬೇಕಾಗಿಲ್ಲ.

ಹೊಸಂಗಡಿಯ ವ್ಯಾಪಾರಿ

ವ್ಯಾಪಾರಿಯ ಕಡೆಯಿಂದ ಒಂದು ಮಾತು. ಬಿಲ್ಲಿಗೆ ಮೊಬೈಲ್ ಸಂಖ್ಯೆ ಕೇಳುವುದನ್ನು ಎಲ್ಲರೂ ದೂರುತ್ತಾರೆ. ನಮ್ಮಂತಹ ಸಣ್ಣ ಅಂಗಡಿಗಳಿಗೆ ಕೊಟ್ಟ ಬಿಲ್ಲಿಂಗ್ ಸಾಫ್ಟ್‌ವೇರಿನಲ್ಲಿ ಸಂಖ್ಯೆಯ ಕಾಲಮು ಮೊದಲೇ ಬರುತ್ತದೆ, ತುಂಬದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ನಾನು ಅಂಗಡಿಯ ಸಂಖ್ಯೆಯನ್ನೇ ಹಾಕಿ ಬಿಲ್ಲು ಕೊಡುತ್ತೇನೆ. ಮಂಗಳೂರಿನ ದೊಡ್ಡ ಮಳಿಗೆಗಳಲ್ಲಿ ಹುಡುಗರು ಸಂಖ್ಯೆ ಕೊಡದಿದ್ದರೆ ಬಿಲ್ಲೇ ಆಗುವುದಿಲ್ಲ ಎನ್ನುತ್ತಾರೆ. ಹಿಂದೆ ಉದ್ದ ಸರತಿ ನಿಂತಿರುವಾಗ ವಾದ ಮಾಡಲು ಯಾರಿಗೂ ಮನಸ್ಸಿರುವುದಿಲ್ಲ. ಒಂದು ಮಳಿಗೆಯಲ್ಲಿ ನನ್ನ ಹೆಂಡತಿ ಸಂಖ್ಯೆ ಕೊಟ್ಟ ವಾರದಲ್ಲೇ ಚಿನ್ನದ ಸ್ಕೀಮು, ಸಾಲ, ಫ್ಲ್ಯಾಟು ಎಂದು ಕರೆಗಳು ಬರಲಾರಂಭಿಸಿದವು. ಇದನ್ನು ಕೇಳುವವರು ಯಾರು? ಕೊಂಡದ್ದು ಕರ್ನಾಟಕದಲ್ಲಿ, ನಾವಿರುವುದು ಕೇರಳದಲ್ಲಿ.

ಬದಿಯಡ್ಕದ ನಿವೃತ್ತ ಬ್ಯಾಂಕ್ ನೌಕರ

ಈ ಪ್ರಶ್ನೆಗೆ ವಿವರವಾಗಿ ಉತ್ತರಿಸಬೇಕು, ಏಕೆಂದರೆ ಗಡಿಯವರಾದ ನಮಗೆ ಇದು ನಿತ್ಯದ ಸಂಗತಿ. ತಲಪಾಡಿ ದಾಟಿ ಮಂಗಳೂರಿಗೆ ಹೋಗಿ ಫ್ರಿಜ್ಜು, ಚಿನ್ನ, ಬಟ್ಟೆ, ಔಷಧ ಎಲ್ಲವನ್ನೂ ಕೊಂಡು ತರುತ್ತೇವೆ. ತೊಂದರೆಯಾದರೆ ಆ ಊರಿಗೇ ಹೋಗಿ ದಾವೆ ಹೂಡಬೇಕೆಂದು ಭಾವಿಸಿ ಸುಮ್ಮನಾಗುತ್ತೇವೆ. ಹಳೆಯ ಕಾಯಿದೆಯಲ್ಲಿ ಸ್ಥಿತಿ ಹೆಚ್ಚುಕಡಿಮೆ ಹಾಗೆಯೇ ಇತ್ತು. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ ಪ್ರಕಾರ ದೂರುದಾರರು ತಾವು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಬಹುದು. ಆದ್ದರಿಂದ ಮಂಗಳೂರಿನ ಮಳಿಗೆಯ ಮೇಲಿನ ದೂರನ್ನು ಕಾಸರಗೋಡಿನ ಜಿಲ್ಲಾ ಗ್ರಾಹಕ ಆಯೋಗ ಕೈಗೆತ್ತಿಕೊಳ್ಳಬಹುದು. ಕೊಟ್ಟ ಬೆಲೆ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ವಕೀಲರು ಬೇಕೇಬೇಕೆಂದಿಲ್ಲ. ಅದಕ್ಕೂ ಮುನ್ನ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆ ಮಾಡಿ ನೋಡಬಹುದು.

ಸಂಖ್ಯೆಯ ವಿಷಯಕ್ಕೆ ಬರುವುದಾದರೆ, ಗ್ರಾಹಕರ ಮೊಬೈಲ್ ಸಂಖ್ಯೆಗಾಗಿ ಒತ್ತಾಯಿಸಬಾರದು ಎಂದು ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2023ರ ಮೇ ತಿಂಗಳಲ್ಲಿ ಚಿಲ್ಲರೆ ವ್ಯಾಪಾರಿಗಳಿಗೆ ಸೂಚನೆ ಕೊಟ್ಟಿದೆ. ಗ್ರಾಹಕರು ನಂಬಿ ಕೊಟ್ಟ ವೈಯಕ್ತಿಕ ಮಾಹಿತಿಯನ್ನು ಕಾನೂನಿಗೆ ಹೊರತಾಗಿ ಇನ್ನೊಬ್ಬರಿಗೆ ಒಪ್ಪಿಸುವುದು ಅನುಚಿತ ವ್ಯಾಪಾರ ಪದ್ಧತಿ ಎಂದು ಕಾಯಿದೆಯೇ ಹೇಳುತ್ತದೆ. ಬಿಲ್ಲು ಕೊಡದಿರುವುದೂ ಹಾಗೆಯೇ. ನೀವು ಅಂಗಡಿಯ ಸಂಖ್ಯೆಯನ್ನೇ ಹಾಕಿಕೊಡುವುದು ಗ್ರಾಹಕರ ಮೇಲಿನ ಕಾಳಜಿಯಿಂದ. ಆದರೆ ಕಾಲಮನ್ನು ಖಾಲಿ ಬಿಡಲಾಗದಂತೆ ಸಾಫ್ಟ್‌ವೇರ್ ಮಾಡಿಕೊಟ್ಟವರನ್ನು ವ್ಯಾಪಾರಿಗಳ ಸಂಘದ ಮೂಲಕ ಕೇಳಬೇಕು ಎಂದು ನನ್ನ ಅಭಿಪ್ರಾಯ.

ಶಾರ್ಜಾದಲ್ಲಿರುವ ಕುಂಬಳೆಯವನು

ಕರೆಗಳ ವಿಷಯದಲ್ಲಿ ಇಲ್ಲಿನ ನಿಯಮ ಬಿಗಿ. 2024ರ ಆಗಸ್ಟ್ ಕೊನೆಯಿಂದ ವ್ಯಾಪಾರದ ಕರೆಗಳನ್ನು ಬೆಳಗ್ಗೆ ಒಂಬತ್ತರಿಂದ ಸಂಜೆ ಆರರೊಳಗೆ ಮಾತ್ರ ಮಾಡಬಹುದು. ಉಲ್ಲಂಘಿಸಿದ ಕಂಪೆನಿಗೆ ಒಂದೂವರೆ ಲಕ್ಷ ದಿರ್ಹಮಿನವರೆಗೂ ದಂಡವಿದೆ. ಆಮೇಲೆ ಇಲ್ಲಿ ಕರೆಗಳು ಕಡಿಮೆಯಾದದ್ದು ನನ್ನ ಅನುಭವ. ವ್ಯಾಪಾರದ ಕರೆ ಬೇಡವೆಂದು ಊರಿನ ಸಂಖ್ಯೆಯನ್ನು 1909 ಎಂಬ ಸಂಖ್ಯೆಯ ಮೂಲಕ ನೋಂದಾಯಿಸಿದ ಮೇಲೂ ಕರೆಗಳು ಬರುತ್ತಲೇ ಇವೆ ಎಂದು ಅಮ್ಮ ಹೇಳುತ್ತಾರೆ.

ಆದರೆ ಇಲ್ಲಿನದೆಲ್ಲ ಮೇಲು ಎಂದು ಯಾರೂ ತಿಳಿಯಬಾರದು. ವಾಟ್ಸಾಪಿನಲ್ಲಿ ಮಾತನಾಡಲು ಇಲ್ಲಿ ಬಿಡುವುದಿಲ್ಲ; ಅನುಮತಿ ಪಡೆದ ಬೋಟಿಮ್‌ನಂತಹ ಆ್ಯಪುಗಳಲ್ಲೇ ಮನೆಗೆ ಕರೆ ಮಾಡಬೇಕು. ವಿಪಿಎನ್ ಎಂಬ ಸಾಧನ ಹಾಕಿ ಈ ತಡೆಯನ್ನು ದಾಟಲು ಹೋದವರು ಅದನ್ನು ಅಪರಾಧಕ್ಕೆ ಬಳಸಿದರೆಂದಾದರೆ ದಂಡ ಐದು ಲಕ್ಷ ದಿರ್ಹಮಿನಿಂದ ಆರಂಭವಾಗುತ್ತದೆ. ವ್ಯಾಪಾರಿಯ ಕಾಟದಿಂದ ಇಲ್ಲಿ ರಕ್ಷಣೆ ಹೆಚ್ಚು, ಆದರೆ ಯಾವ ದಾರಿಯಲ್ಲಿ ಮನೆಯವರೊಡನೆ ಮಾತನಾಡಬೇಕು ಎನ್ನುವುದನ್ನು ಆರಿಸುವ ಸ್ವಾತಂತ್ರ್ಯ ಕಡಿಮೆ. ಊರಿನಲ್ಲಿ ಇದರ ವಿಲೋಮ.

ಮುಳ್ಳೇರಿಯ ಅಕ್ಷಯ ಕೇಂದ್ರದ ನೌಕರ

ಇಷ್ಟು ಹೊತ್ತು ಓದುತ್ತ ಕುಳಿತಿದ್ದೆ. ಒಪ್ಪಿಗೆ ಎನ್ನುವುದು ನನ್ನ ಮೇಜಿನ ಮೇಲೆ ದಿನಕ್ಕೆ ಎಷ್ಟೋ ಸಲ ನಡೆಯುವ ಕ್ರಿಯೆಯಾದ್ದರಿಂದ ಬರೆಯದಿದ್ದರೆ ಸರಿಯಾಗದು.

ಸರಕಾರಿ ಸೇವೆಗಳ ಅರ್ಜಿ ತುಂಬಿಕೊಡುವ ನಮ್ಮ ಕೇಂದ್ರದಲ್ಲಿ ಅರ್ಜಿದಾರರು ಬಂದು ಕುಳಿತುಕೊಳ್ಳುತ್ತಾರೆ. ಪರದೆಯ ಮುಖ ನನ್ನ ಕಡೆಗೆ, ಬೆರಳಚ್ಚಿನ ಯಂತ್ರ ಅವರ ಕಡೆಗೆ. ಪರದೆಯಲ್ಲಿ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ಒಂದು ದೊಡ್ಡ ಬರಹ ಬರುತ್ತದೆ, ಕೆಳಗೆ ಒಂದು ಚೌಕ. ಚೌಕದಲ್ಲಿ ಗುರುತು ಹಾಕುವವನು ನಾನು, ಬೆರಳು ಒತ್ತುವವರು ಅವರು. ದೇಲಂಪಾಡಿ, ಕಾರಡ್ಕ ಕಡೆಯಿಂದ ಬರುವ ಹಿರಿಯರಲ್ಲಿ ಅನೇಕರಿಗೆ ಮಲಯಾಳ ಮಾತು ಅರ್ಥವಾದರೂ ಓದಲು ಬರುವುದಿಲ್ಲ. "ಏನು ಬರೆದಿದೆ, ಮಗಾ?" ಎಂದು ಕೇಳುವವರು ಅಪರೂಪ, ಕೇಳಿದರೆ ನಾನು ಒಂದೆರಡು ವಾಕ್ಯದಲ್ಲಿ ಹೇಳುತ್ತೇನೆ, ಏಕೆಂದರೆ ಹೊರಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿರುತ್ತಾರೆ. ವಿದೇಶದಲ್ಲಿರುವ ಮಗನ ಪರವಾಗಿ ಬಂದ ತಂದೆಯೂ ಇರುತ್ತಾರೆ. ಮಗನ ಪಾಸ್‌ಪೋರ್ಟು, ಆಧಾರ್, ವೀಸಾ ಎಲ್ಲದರ ಚಿತ್ರ ಅವರ ವಾಟ್ಸಾಪಿನಲ್ಲಿರುತ್ತದೆ. ಅದನ್ನು ಕೇಂದ್ರದ ಫೋನಿಗೆ ಕಳುಹಿಸಿಕೊಂಡು ಪ್ರಿಂಟು ತೆಗೆಯಬೇಕಾಗುತ್ತದೆ. ನಮ್ಮಲ್ಲಿ ಸಂಜೆ ಅವೆಲ್ಲವನ್ನೂ ಅಳಿಸುವ ಕ್ರಮವಿದೆ. ಎಲ್ಲ ಸೇವಾ ಕೇಂದ್ರಗಳಲ್ಲೂ, ಎಲ್ಲ ಝೆರಾಕ್ಸ್ ಅಂಗಡಿಗಳಲ್ಲೂ ಅಳಿಸುತ್ತಾರೆಯೇ ಎಂದು ಕೊಡುವವರು ಕೇಳಬೇಕು.

ಆಧಾರಿನ ಪ್ರತಿ ಕೊಡುವಾಗ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮರೆಮಾಡಿದ ಆಧಾರನ್ನು ಪ್ರಾಧಿಕಾರದ ಜಾಲತಾಣದಿಂದಲೇ ತೆಗೆದುಕೊಳ್ಳಬಹುದು. ಬೆರಳಚ್ಚನ್ನು ಯಾರೂ ದುರುಪಯೋಗ ಮಾಡದಂತೆ ಬೀಗ ಹಾಕಿಡುವ ಸೌಲಭ್ಯವೂ ಇದೆ. ಬೇಕಾದಾಗ ಸ್ವಲ್ಪ ಹೊತ್ತು ತೆರೆದು ಮತ್ತೆ ಮುಚ್ಚಬಹುದು. ವರ್ಷಗಟ್ಟಲೆ ಹೊರದೇಶದಲ್ಲಿರುವವರು ಇಲ್ಲಿ ಬೆರಳು ಒತ್ತುವ ಸಂದರ್ಭವೇ ಇಲ್ಲವಾದ್ದರಿಂದ ಹೊರಡುವ ಮುನ್ನ ಬೀಗ ಹಾಕಿ ಹೋಗುವುದು ಒಳ್ಳೆಯದು. ನಿಮ್ಮ ಹೆಸರಿನಲ್ಲಿ ಎಷ್ಟು ಸಿಮ್ ಇವೆ ಎಂದು ನೋಡಲು ಸಂಚಾರ್ ಸಾಥಿ ಜಾಲತಾಣವಿದೆ. ಅದರಲ್ಲಿ ತಮ್ಮದಲ್ಲದ ಸಂಖ್ಯೆಯನ್ನು ಕಂಡು ಗಾಬರಿಯಾದವರನ್ನು ನಾನು ನೋಡಿದ್ದೇನೆ. ಅಲ್ಲಿಯೇ ಗುರುತು ಹಾಕಿ ದೂರು ಕೊಡಬಹುದು.

ಪೆರ್ಲದ ಅಧ್ಯಾಪಕಿ

ಮುಳ್ಳೇರಿಯವರು ಬರೆದದ್ದು ಈ ಇಡೀ ಚರ್ಚೆಯ ಮುಖ್ಯ ಭಾಗ ಎಂದು ನನಗೆ ತೋರುತ್ತದೆ. ಓದಲಾಗದ ಲಿಪಿಯಲ್ಲಿರುವ ಬರಹದ ಕೆಳಗೆ ಒತ್ತಿದ ಬೆರಳನ್ನು ಒಪ್ಪಿಗೆ ಎಂದು ನಾನು ಕರೆಯಲಾರೆ.

ನಾನು ಮೇಲೆ ಹೇಳಿದ 2023ರ ದತ್ತಾಂಶ ಕಾಯಿದೆ ಈ ವಿಷಯದಲ್ಲಿ ನಮಗೊಂದು ಹಕ್ಕನ್ನು ಕೊಟ್ಟಿದೆ, ಅದನ್ನು ಗಡಿನಾಡಿನವರು ಗಮನಿಸಿದಂತಿಲ್ಲ. ಒಪ್ಪಿಗೆ ಕೇಳುವವರು ತಮ್ಮ ತಿಳುವಳಿಕೆಯ ಬರಹವನ್ನು ಇಂಗ್ಲಿಷಿನಲ್ಲಿ ಇಲ್ಲವೇ ಸಂವಿಧಾನದ ಎಂಟನೆಯ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಆಯ್ಕೆಯನ್ನು ಕೊಡಬೇಕು. ಆ 22 ಭಾಷೆಗಳಲ್ಲಿ ಕನ್ನಡವಿದೆ. ರಾಜ್ಯದ ಭಾಷೆ ಎಂದಾಗಲಿ ಪ್ರದೇಶದ ಭಾಷೆ ಎಂದಾಗಲಿ ಕಾಯಿದೆ ಹೇಳಿಲ್ಲ. ಆದ್ದರಿಂದ ಕೇರಳದಲ್ಲಿರುವ ಕನ್ನಡಿಗರಿಗೂ, ದುಬಾಯಿಯಲ್ಲಿ ಕುಳಿತು ಊರಿನ ಆ್ಯಪ್ ಬಳಸುವ ಕನ್ನಡಿಗರಿಗೂ ಅದು ಸಲ್ಲುತ್ತದೆ. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದೆಗೆದುಕೊಳ್ಳಲೂ ಬರಬೇಕು. ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿದ್ದು, ಈ ಕಟ್ಟುಪಾಡುಗಳು ಹದಿನೆಂಟು ತಿಂಗಳ ಬಳಿಕ, ಅಂದರೆ 2027ರ ಮೇ ತಿಂಗಳ ಹೊತ್ತಿಗೆ ಜಾರಿಗೆ ಬರಬೇಕು. ಈಗಿನಿಂದಲೇ ಕೇಳದಿದ್ದರೆ ಕೇರಳಕ್ಕೆ ಮಲಯಾಳ, ಕರ್ನಾಟಕಕ್ಕೆ ಕನ್ನಡ ಎಂದು ಕಂಪೆನಿಗಳು ಹಂಚಿಬಿಡುತ್ತವೆ, ನಾವು ಎರಡರ ನಡುವೆ ಉಳಿಯುತ್ತೇವೆ.

ಹೀಗೆ ಉಳಿಯುವುದು ನಮಗೆ ಹೊಸತಲ್ಲ. ಬ್ಯಾಂಕಿನ ಅರ್ಜಿಗಳು ಹಿಂದಿ, ಇಂಗ್ಲಿಷ್ ಮತ್ತು ಪ್ರಾದೇಶಿಕ ಭಾಷೆಯಲ್ಲಿರಬೇಕೆಂಬ ನಿಯಮದಲ್ಲಿ ಕಾಸರಗೋಡಿನ ಶಾಖೆಗೆ ಬರುವುದು ಮಲಯಾಳದ ಅರ್ಜಿ. ಗಲ್ಫಿಗೆ ಹೋದರೂ ಇದೇ ಸ್ಥಿತಿ. 2016ರ ಜನವರಿಯಿಂದ ಯುಎಇಯಲ್ಲಿ ಕೆಲಸದ ಪತ್ರವನ್ನು ಅರಬ್ಬಿ, ಇಂಗ್ಲಿಷಿನ ಜೊತೆಗೆ ಕೆಲಸಗಾರರಿಗೆ ತಿಳಿಯುವ ಮೂರನೆಯ ಭಾಷೆಯಲ್ಲೂ ಕೊಡುವ ಏರ್ಪಾಡಾಯಿತು. ಅದರ ಪಟ್ಟಿಯಲ್ಲಿ ಹಿಂದಿ, ಉರ್ದು, ಮಲಯಾಳ, ತಮಿಳು ಇದ್ದವು, ಕನ್ನಡ ಇರಲಿಲ್ಲ. ನಮ್ಮವರು ಮಲಯಾಳದ ಪತ್ರಕ್ಕೆ ಸಹಿ ಹಾಕಿಯೇ ಹೋದರು.

ಸರಕಾರಿ ಕಚೇರಿಗಳ ಮಟ್ಟಿಗೆ ಕಾನೂನು ನಮ್ಮ ಪರವಾಗಿದೆ. ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಂತೆ ಇಲ್ಲಿನ ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ಕನ್ನಡದಲ್ಲೇ ಪತ್ರ ವ್ಯವಹಾರ ಮಾಡಬಹುದು, ಉತ್ತರವೂ ಕನ್ನಡದಲ್ಲೇ ಬರಬೇಕು. ಕಾಗದದ ಕಾಲದಲ್ಲಿ ಇದಕ್ಕಾಗಿ ನಮ್ಮ ಹಿರಿಯರು ಹೋರಾಡಿದರು. ಪರದೆಯ ಮೇಲಿನ ಚೌಕಕ್ಕೂ ಇದು ಅನ್ವಯಿಸಬೇಕೆಂದು ಕೇಳುವುದು ನಮ್ಮ ಪಾಲಿನ ಕೆಲಸ.

ಉಪ್ಪಳದ ಗೃಹಿಣಿ

ಅಕ್ಕ, ಒಂದು ಸಂದೇಹ. ನಮ್ಮ ಮನೆಯಲ್ಲಿ ಮಾತು ತುಳು. ಅತ್ತೆಯವರಿಗೆ ಕನ್ನಡ ಓದಲೂ ಕಷ್ಟ. ಎಂಟನೆಯ ಪರಿಚ್ಛೇದದಲ್ಲಿ ತುಳು ಇಲ್ಲ, ನೆರೆಮನೆಯವರು ಆಡುವ ಬ್ಯಾರಿಯೂ ಇಲ್ಲ. ಅಂಥವರಿಗೆ ಏನು ದಾರಿ?

ಪೆರ್ಲದ ಅಧ್ಯಾಪಕಿ

ಕಾಯಿದೆಯಲ್ಲಿ ದಾರಿಯಿಲ್ಲ, ಅಕ್ಕ. ಅಂಥವರಿಗೆ ಬರಹಕ್ಕಿಂತ ಓದಿ ಹೇಳುವ ವ್ಯವಸ್ಥೆ ಬೇಕು. ಅಕ್ಷಯ ಕೇಂದ್ರದಲ್ಲಿ ಮಾತಿನಲ್ಲಿ ವಿವರಿಸಿದ ಬಳಿಕವೇ ಬೆರಳು ತೆಗೆದುಕೊಳ್ಳಬೇಕು ಎಂಬ ಕ್ರಮವಾದರೆ ತುಳುವಿನಲ್ಲಿ, ಬ್ಯಾರಿಯಲ್ಲಿ, ಇಲ್ಲಿನ ಮರಾಟಿ ಸಮುದಾಯದ ಮಾತಿನಲ್ಲಿ ಹೇಳಬಲ್ಲವರು ನಮ್ಮ ಊರುಗಳಲ್ಲಿ ಧಾರಾಳ ಇದ್ದಾರೆ. ಕೊಂಕಣಿ, ಮರಾಠಿ, ಉರ್ದು ಪರಿಚ್ಛೇದದಲ್ಲೇ ಇವೆ.

ಬದಿಯಡ್ಕದ ನಿವೃತ್ತ ಬ್ಯಾಂಕ್ ನೌಕರ

ಎಲ್ಲರ ಮಾತನ್ನೂ ಓದಿದೆ. ನಡುವೆ ಬಿಟ್ಟುಹೋದ ಎರಡು ಮಾಹಿತಿಗಳನ್ನು ಸೇರಿಸುತ್ತೇನೆ. ಹಣ ಹೋದರೆ ಮೊದಲು 1930 ಎಂಬ ಸೈಬರ್ ವಂಚನೆಯ ಸಹಾಯವಾಣಿಗೆ ಕರೆ ಮಾಡಿ, ಆಮೇಲೆ ಮಗನಿಗೆ ತಿಳಿಸಿ. ಎಷ್ಟೋ ತಾಯಂದಿರು ಮಗನ ಕೆಲಸ ಮುಗಿದು ಅವನು ಫೋನ್ ಎತ್ತುವ ತನಕ ಕಾಯುತ್ತಾರೆ, ಅಷ್ಟರಲ್ಲಿ ಹಣ ಕೈಗೆ ಸಿಗದಷ್ಟು ದೂರ ಹೋಗಿರುತ್ತದೆ. ಬ್ಯಾಂಕು ಮೂವತ್ತು ದಿನಗಳಲ್ಲಿ ಉತ್ತರ ಕೊಡದಿದ್ದರೆ, ಅಥವಾ ಕೊಟ್ಟ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಕೊಡಬಹುದು.

ಇನ್ನೊಂದು, ಊರಿನೊಳಗೇ ಇರುವ ಕುಟುಂಬಗಳಿಗೆ ಯುಪಿಐ ಸರ್ಕಲ್ ಎಂಬ ಏರ್ಪಾಡು 2024ರ ಆಗಸ್ಟಿನಲ್ಲಿ ಬಂದಿದೆ. ಖಾತೆಯವರು ತಮ್ಮ ಪಿನ್ ಕೊಡದೆಯೇ ಮನೆಯ ಇನ್ನೊಬ್ಬರಿಗೆ ತಿಂಗಳಿಗೆ 15,000 ರೂಪಾಯಿಯ ಮಿತಿಯೊಳಗೆ, ಒಂದು ಸಲಕ್ಕೆ 5,000 ಮೀರದಂತೆ ಪಾವತಿಸುವ ಅಧಿಕಾರ ಕೊಡಬಹುದು. ಹಳದಿ ಕಾಗದದಲ್ಲಿ ಪಿನ್ ಬರೆದುಕೊಡುವುದಕ್ಕಿಂತ ಇದು ಎಷ್ಟೋ ವಾಸಿ. ಖಾತೆಯವರು ಬೇಕೆಂದಾಗ ಆ ಅಧಿಕಾರವನ್ನು ಹಿಂದಕ್ಕೆ ಪಡೆಯಬಹುದು, ಬಳಸುವವರಿಗೂ ತಾವು ಎಷ್ಟು ಖರ್ಚು ಮಾಡಿದೆವು ಎನ್ನುವುದು ಕಾಣುತ್ತದೆ.

ಮುಳ್ಳೇರಿಯ ಅಕ್ಷಯ ಕೇಂದ್ರದ ನೌಕರ

ನಮ್ಮ ಕೇಂದ್ರದಲ್ಲಿ ಹೆಚ್ಚು ಬಳಕೆಯಾಗುವ ಅರ್ಜಿಗಳ ಒಪ್ಪಿಗೆಯ ಬರಹವನ್ನು ಕನ್ನಡದಲ್ಲಿ ಅರ್ಧ ಪುಟಕ್ಕೆ ಇಳಿಸಿ, ದೊಡ್ಡ ಅಕ್ಷರದಲ್ಲಿ ಮೇಜಿನ ಗಾಜಿನ ಕೆಳಗೆ ಇಡಬೇಕೆಂದು ಮಾಲೀಕರೊಡನೆ ಮಾತನಾಡಿದ್ದೇನೆ, ಅವರು ಒಪ್ಪಿದ್ದಾರೆ. ಯಾವ ಮಾಹಿತಿ ತೆಗೆದುಕೊಳ್ಳುತ್ತಾರೆ, ಯಾರಿಗೆ ಹೋಗುತ್ತದೆ, ಬೇಡವೆಂದರೆ ಸೇವೆ ಸಿಗುತ್ತದೆಯೇ ಇಲ್ಲವೇ, ಆಮೇಲೆ ಹಿಂದೆಗೆದುಕೊಳ್ಳುವುದು ಹೇಗೆ, ಇಷ್ಟು ಅದರಲ್ಲಿ ಇರುತ್ತದೆ. ಅಧ್ಯಾಪಕಿಯವರು ಭಾಷೆಯನ್ನು ತಿದ್ದಿಕೊಟ್ಟರೆ ಉಪಕಾರವಾಗುತ್ತದೆ. ಯಾವುದಾದರೂ ಬ್ಯಾಂಕಿನ ಅಥವಾ ಸರಕಾರಿ ಆ್ಯಪಿನಲ್ಲಿ ಒಪ್ಪಿಗೆಯ ಬರಹವನ್ನು ಪೂರ್ತಿ ಕನ್ನಡದಲ್ಲಿ ಕಂಡವರು ಅದರ ಚಿತ್ರವನ್ನು ಇಲ್ಲಿ ಹಾಕಿರಿ. ಪಂಚಾಯತಿಗೆ ಮನವಿ ಕೊಡುವಾಗ ಜೊತೆಗೆ ಲಗತ್ತಿಸಬಹುದು.

ಪೆರ್ಲದ ಅಧ್ಯಾಪಕಿ

ಖಂಡಿತ ತಿದ್ದಿಕೊಡುತ್ತೇನೆ. ಶನಿವಾರ ಮಧ್ಯಾಹ್ನದ ಬಳಿಕ ಕಳುಹಿಸಿ. ಮನವಿಯನ್ನು ಕನ್ನಡದಲ್ಲೇ ಬರೆದು, ಉತ್ತರವನ್ನೂ ಕನ್ನಡದಲ್ಲೇ ಕೊಡಬೇಕೆಂದು 1969ರ ಕಾಯಿದೆಯನ್ನು ಹೆಸರಿಸಿ ಮೊದಲ ಪ್ಯಾರಾದಲ್ಲೇ ಕೇಳೋಣ. ಗಲ್ಫಿನಲ್ಲಿರುವವರ ಸಹಿಯೂ ಬೇಕು. ಆದರೆ ಅವರ ಪರವಾಗಿ ಮನೆಯವರು ಸಹಿ ಹಾಕುವುದು ಬೇಡ, ರಜೆಗೆ ಬಂದವರು ತಾವೇ ಓದಿ ಹಾಕಲಿ.